ಡಬ್ಬಿಯೊಳಗಿನ ಹತ್ತಿ

ಗುಳಿಗೆ ಡಬ್ಬಿ ಅಲುಗಿದರೆ ಸದ್ದು ಮಾಡುತ್ತದೆ,
ಅದಕ್ಕೇ ಹತ್ತಿ ತುರುಕಬೇಕು.
ಇದನ್ನು ಕಲಿಸಿದವಳು ಅವ್ವ,
ಕುಷ್ಟಗಿ ಬಸ್ಸಿನ ಕೊನೇ ಸೀಟಿನಲ್ಲಿ.
ನನಗಾಗ ಏಳು ವರ್ಷ.
ಏನವ್ವಾ ಅದು ಗಲಗಲ, ಅಂದಿದ್ದ ಕಂಡಕ್ಟರ್.
ಗೆಜ್ಜೆ, ಹುಡುಗೀಗೆ ತಂದೀನಿ, ಅಂದಳು.
ನಾನು ಒಂದು ವಾರ
ಗೆಜ್ಜೆಗಾಗಿ ಕಾದೆ.

ಈಗ ಕೊಪ್ಪಳದ ಆಸ್ಪತ್ರೆಯ ಅದೇ ಖೋಲಿಯಲ್ಲಿ
ಮೇಜಿನ ಆಚೆ ಬದಿಯ ಕುರ್ಚಿ ನನ್ನದು.
ಹಳೇ ರಿಜಿಸ್ಟರು ಕಂಪ್ಯೂಟರಿಗೆ ಏರಿಸು ಅಂದರು.
ಗೆದ್ದಲು ರುಚಿ ನೋಡಿದ ಮೊದಲ ಪುಟಗಳಲ್ಲಿ
ಬರೀ ಗಂಡಸರು:
ಲಾರಿ, ಲಾರಿ, ಕ್ಲೀನರ್, ಗ್ರಾನೈಟ್ ಪಾಲಿಶ್, ಲಾರಿ,
ಗೋವಾದಲ್ಲಿ ಗೌಂಡಿ.
ಹತ್ತು ಪುಟ ಮಗುಚಿದರೆ
ಉದ್ಯೋಗದ ಕಾಲಮ್ಮಿನ ತುಂಬ
ಮನೆಗೆಲಸ, ಮನೆಗೆಲಸ, ಮನೆಗೆಲಸ.
ಸೋಂಕು ಎಲ್ಲಿಂದ ಎಂಬಲ್ಲಿ
ಒಮ್ಮೆ ಮಾತ್ರ ಗಂಡ ಎಂದು ಬರೆದು
ಕೆಳಗೆಲ್ಲ ಜೋಡಿ ಚಿಕ್ಕೆ,
ಮೇಲಿನಂತೆ, ಮೇಲಿನಂತೆ.
ಆಮೇಲೆ ವಯಸ್ಸು ಕುಗ್ಗುತ್ತ ಬರುತ್ತದೆ:
ಮೂವತ್ತು, ಇಪ್ಪತ್ತೆರಡು, ಆರು, ನಾಲ್ಕು,
ಹದಿನೆಂಟು ತಿಂಗಳು.

ನಾನೂರ ಹನ್ನೊಂದು, ಯಮನೂರಪ್ಪ. ಕೆಂಪು ಮಸಿಯ ಗೆರೆ.
ನಾನೂರ ಹನ್ನೆರಡು, ಇಂದ್ರವ್ವ.
ನಾನೂರ ಹದಿಮೂರು ನಾನು.
ರೇಷನ್ ಕಾರ್ಡಿನಲ್ಲೂ ನಾವು ಮೂವರು
ಹೀಗೆ ಒಟ್ಟಿಗೆ ಇದ್ದದ್ದಿಲ್ಲ.

ಅಜ್ಜಿಯ ಹೆಸರು ಹುಡುಕಿದೆ.
ಹನ್ನೊಂದನೇ ವರ್ಷಕ್ಕೆ ಮುತ್ತು ಕಟ್ಟಿಸಿಕೊಂಡ ಗಾಳೆಮ್ಮ,
ಮಗಳಿಗೆ ಆ ಮುತ್ತು ಬೇಡ ಎಂದು
ಕುರಿ ಮಾರಿ, ಕಾಲು ಹಿಡಿದು
ತಾಳಿ ಕಟ್ಟಿಸಿದ ಗಾಳೆಮ್ಮ.
ತಾಳಿ ಕಟ್ಟಿದವ ಸೊಲ್ಲಾಪುರದಿಂದ ಮಂಗಳೂರಿಗೆ
ಉಳ್ಳಾಗಡ್ಡಿ ಹೊಡೆಯುತ್ತಿದ್ದ.
ಅವ್ವ ಬಿದ್ದಾಗ ಇಡೀ ಓಣಿ
ಅಜ್ಜಿಯ ಕೊರಳಿಗೆ ಬೆರಳು ಮಾಡಿತು,
ಬಾವಿಯ ಹಗ್ಗ ಎತ್ತಿಟ್ಟಿತು.
ಅಜ್ಜಿಯ ರಕ್ತ ಮೂರು ಸಲ ನೋಡಿದರು.
ಏನೂ ಇರಲಿಲ್ಲ.
ಅದನ್ನು ಓಣಿಗೆ ಯಾರೂ ಹೇಳಲಿಲ್ಲ,
ಹೇಳಿದರೂ ಹಗ್ಗ ಬರುತ್ತಿತ್ತೋ ಇಲ್ಲವೋ.

ಸಾಲು ಇವತ್ತಿಗೂ ಹತ್ತಕ್ಕೇ ಶುರು.
ಗಿಣಿಗೇರಿ ಫ್ಯಾಕ್ಟರಿಯ ಬಿಹಾರದ ಹುಡುಗ
ನನ್ನನ್ನು ದೀದಿ ಎನ್ನುತ್ತಾನೆ, ಊರ ಹೆಸರು ತಪ್ಪು ಬರೆಸುತ್ತಾನೆ.
ಗಂಡು, ಹೆಣ್ಣು, ಆಮೇಲೆ ಇನ್ನೊಂದು ಖಾನೆ ಬಂದದ್ದಕ್ಕೆ
ಜೋಗತಿ ಹಂಪವ್ವ ನಕ್ಕಳು:
ಬಂತಲ್ಲ ತಾಯಿ, ನಾನು ಹಲ್ಲು ಉದುರಿಸಿಕೊಂಡ ಮೇಲೆ.
ಅರವತ್ತೆಂಟರ ಮಾಬುಸಾಬ
ಮಗನನ್ನು ಚಹಾ ಕುಡಿಯಲು ಕಳಿಸಿ ಒಳಬರುತ್ತಾನೆ,
ಚಹಾ ಆರುವುದರೊಳಗೆ ಹೋಗಬೇಕು.
ಮೊನ್ನೆ ಬಂದ ಡಿಗ್ರಿ ಹುಡುಗ
ಮೊಬೈಲು ಬೋರಲು ಇಟ್ಟು ಕೇಳಿದ:
ಇದು ಹಳೇ ಕಾಲದ ರೋಗ ಅಲ್ಲವಾ ಮೇಡಂ?
ಹೌದಪ್ಪ, ಹಳೇದು.
ನಿನಗಿಂತ ಹಳೇದು. ನನಗಿಂತ ಎರಡು ವರ್ಷ ಸಣ್ಣದಿರಬೇಕು,
ಅಥವಾ ದೊಡ್ಡದು, ಅಪ್ಪನನ್ನು ಕೇಳಬೇಕಿತ್ತು.
ಅವ್ವನಿಗೆ ದಿನಕ್ಕೆ ಎರಡು ಹೊತ್ತು, ಗಡಿಯಾರ ನೋಡಿ.
ನಿನಗೆ ರಾತ್ರಿ ಒಂದೇ ಒಂದು.

ನನ್ನ ಗಂಡ ಸಾವಿರದ ಎಂಬತ್ತಾರು.
ಇದೇ ಸಾಲಿನಲ್ಲಿ ಸಿಕ್ಕ,
ನೀರಿನ ಬಾಟಲಿ ಕೊಟ್ಟು ತಿರುಗಿ ಕೇಳಲಿಲ್ಲ.
ಮಗಳು ಹುಟ್ಟಿದ ಆರು ವಾರ
ಹನಿ ಎಣಿಸಿ ಬಾಯಿಗೆ ಬಿಟ್ಟೆ.
ಹದಿನೆಂಟನೇ ತಿಂಗಳ ಪಟ್ಟಿಯಲ್ಲಿ
ಒಂದೇ ಗೆರೆ ಮೂಡಿತು.
ಎರಡನೆಯದಕ್ಕಾಗಿ ನಾನು ಇಪ್ಪತ್ತು ನಿಮಿಷ
ಉಸಿರು ಕಟ್ಟಿ ನೋಡಿದೆ. ಬರಲಿಲ್ಲ.
ಅವಳೂ ಮುತ್ತಜ್ಜಿಯ ಹಾಗೆ
ಯಾವ ಪುಟದಲ್ಲೂ ಇಲ್ಲ.

ಇಂದು ಭಾನುವಾರ.
ಖಾಲಿ ಡಬ್ಬಿಗೆ ನಾಲ್ಕು ತೊಗರಿಕಾಳು ಹಾಕಿ,
ಮುಚ್ಚಳ ಬಿಗಿಯುವ ಮೊದಲು
ಕೈ ತಾನಾಗಿಯೇ ಹತ್ತಿ ತುರುಕಿತು.
ಮಗಳು ಅಲುಗಿಸಿದಳು. ಸದ್ದಿಲ್ಲ.
ನನ್ನ ಮುಖ ನೋಡಿದಳು.
ತೆಗೆದೆ.

ಗಲಗಲ ಗಲಗಲ ಓಣಿಗೆ ಕೇಳುವಂತೆ
ಪಡಸಾಲೆ ತುಂಬ ಓಡುತ್ತಿದ್ದಾಳೆ.
ಹತ್ತಿ ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟಿದ್ದೇನೆ.
ನಾಳೆ ಬಸ್ಸಿದೆ.